ಮನೆಯ ಮೀಡಿಯಾ ಸರ್ವರ್‌ಗೆ ಎಷ್ಟು ಟಿಬಿ ಬೇಕು, ಎಷ್ಟು ಎಂಬಿಪಿಎಸ್ ಸಾಕು?

ಪ್ರಶ್ನೆ: ನಮ್ಮದು ಗಂಗಾವತಿ. ಅಪ್ಪಾಜಿ ಊರೂರು ತಿರುಗಿ ಸುಮಾರು 40 ರಾತ್ರಿಯ ಬಯಲಾಟಗಳನ್ನು ಫುಲ್ ಎಚ್‌ಡಿ ಹ್ಯಾಂಡಿಕ್ಯಾಮ್‌ನಲ್ಲಿ ವಿಡಿಯೊ ಮಾಡಿಟ್ಟಿದ್ದಾರೆ, ಒಂದೊಂದೂ ಏಳು ತಾಸಿನದು. ಈಗ 4ಕೆ ಕ್ಯಾಮೆರಾ ತಂದಿದ್ದೇವೆ, ವರ್ಷಕ್ಕೆ ಆರು ಆಟ ಹಿಡಿಯುವ ವಿಚಾರವಿದೆ. ಇದರ ಜೊತೆ 150 ಡಿವಿಡಿ, 20 ಮಿನಿ ಡಿವಿ ಕ್ಯಾಸೆಟ್, 3,000 ಹಾಡು, ನಾಲ್ಕು ಮೊಬೈಲ್‌ಗಳ ಫೋಟೊ, ವಿಡಿಯೊ ಇವೆ. ನಾಲ್ಕನೇ ತಲೆಮಾರಿನ ಐ5 ಕಂಪ್ಯೂಟರಿಗೆ ಜೆಲ್ಲಿಫಿನ್ (ಮನೆಯ ವಿಡಿಯೊ, ಹಾಡುಗಳನ್ನು ಟಿವಿ, ಮೊಬೈಲಿಗೆ ಕಳಿಸುವ ಮೀಡಿಯಾ ಸರ್ವರ್ ತಂತ್ರಾಂಶ) ಹಾಕಿದ್ದೇನೆ. ಕೆಳಗಿನ ಟಿವಿಯಲ್ಲಿ ಚೆನ್ನಾಗಿ ಓಡುತ್ತದೆ, ಮಹಡಿಯ ಟಿವಿಯಲ್ಲಿ ನಿಂತು ನಿಂತು ಬರುತ್ತದೆ. 100 ಎಂಬಿಪಿಎಸ್ ಫೈಬರ್ ಇದೆ, 300ಕ್ಕೆ ಏರಿಸಬೇಕೆ? 4 ಟಿಬಿ ಡಿಸ್ಕ್ ಸಾಕೆ? ರೇಡ್ (ಹಲವು ಡಿಸ್ಕುಗಳನ್ನು ಒಂದಾಗಿ ಓಡಿಸುವ ವ್ಯವಸ್ಥೆ) ಬೇಕೆ? ಬಳ್ಳಾರಿಯಲ್ಲಿರುವ ತಮ್ಮನೂ ಇವನ್ನು ನೋಡುವಂತಾಗಬೇಕು.

ಉತ್ತರ: ಇಂಟರ್‌ನೆಟ್ ಪ್ಲಾನ್ ಏರಿಸಬೇಡಿ. ಮಹಡಿಯ ಟಿವಿ ತಡವರಿಸುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಸರ್ವರ್ ಮನೆಯೊಳಗಿದೆ, ಟಿವಿಯೂ ಮನೆಯೊಳಗಿದೆ. ವಿಡಿಯೊ ರೌಟರ್‌ವರೆಗೆ ಹೋಗಿ ಅಲ್ಲಿಂದಲೇ ಟಿವಿಗೆ ತಿರುಗುತ್ತದೆ, ಹೊರಗಿನ ಫೈಬರ್ ತಂತಿಯನ್ನು ಮುಟ್ಟುವುದೇ ಇಲ್ಲ. ಎಡದಂಡೆ ಕಾಲುವೆಯಲ್ಲಿ ಎಷ್ಟೇ ನೀರು ಹರಿಯಲಿ, ಹೊಲಕ್ಕೆ ಬರುವುದು ತೂಬು ಬಿಟ್ಟಷ್ಟೇ. ನಿಮ್ಮಲ್ಲಿ ಆ ತೂಬು ಮಹಡಿಯ ವೈಫೈ. ಪ್ಲಾನಿಗೆ ಹಾಕಬೇಕೆಂದಿದ್ದ ದುಡ್ಡನ್ನು ಒಂದು ಕೇಬಲ್ಲಿಗೆ, ಎರಡನೇ ಡಿಸ್ಕಿಗೆ, ಒಂದು ಯುಪಿಎಸ್‌ಗೆ ಹಾಕಿ. 4 ಟಿಬಿ ಸಾಲದು, 12 ಟಿಬಿ ಬೇಕು. ಹೇಗೆಂದು ಮೊದಲು ಲೆಕ್ಕ ಹಾಕೋಣ.

ಜಾಗ ಮತ್ತು ವೇಗ ಎರಡಕ್ಕೂ ಅಳತೆಗೋಲು ಒಂದೇ, ವಿಡಿಯೊದ ಬಿಟ್‌ರೇಟ್, ಅಂದರೆ ಒಂದು ಸೆಕೆಂಡಿನ ವಿಡಿಯೊಗೆ ಎಷ್ಟು ಡೇಟಾ ಎಂಬುದು. ಪ್ರತಿ ಸೆಕೆಂಡಿಗೆ 1 ಮೆಗಾಬಿಟ್ (1 ಎಂಬಿಪಿಎಸ್) ಎಂದರೆ ಒಂದು ತಾಸಿಗೆ 3,600 ಮೆಗಾಬಿಟ್, ಎಂಟು ಬಿಟ್‌ಗೆ ಒಂದು ಬೈಟ್ ಆದ್ದರಿಂದ 450 ಎಂಬಿ (ಮೆಗಾಬೈಟ್). ಹಾಗಾಗಿ ಬಿಟ್‌ರೇಟನ್ನು 0.45ರಿಂದ ಗುಣಿಸಿದರೆ ತಾಸಿಗೆ ಎಷ್ಟು ಜಿಬಿ ಎಂದು ಸಿಗುತ್ತದೆ. ಯಾವ ಫೈಲಿನ ಬಿಟ್‌ರೇಟ್ ಎಷ್ಟು ಎಂಬುದನ್ನು ಮೀಡಿಯಾಇನ್ಫೊ ಎಂಬ ಉಚಿತ ತಂತ್ರಾಂಶ ತೋರಿಸುತ್ತದೆ. ಫುಲ್ ಎಚ್‌ಡಿ ಹ್ಯಾಂಡಿಕ್ಯಾಮ್‌ಗಳು ಬಳಸುವ ಎವಿಸಿಎಚ್‌ಡಿ ರೂಪದಲ್ಲಿ ಉತ್ತಮ ಗುಣಮಟ್ಟ ಎಂದರೆ ಹೆಚ್ಚಾಗಿ 24 ಎಂಬಿಪಿಎಸ್. ತಾಸಿಗೆ 10.8 ಜಿಬಿ. ನಿಮ್ಮ 40 ರಾತ್ರಿ, ಏಳೇಳು ತಾಸು, ಒಟ್ಟು 280 ತಾಸು. ಸುಮಾರು 3 ಟಿಬಿ. ಡಿವಿಡಿ ಒಂದು ಪದರದ್ದಾದರೆ 4.7 ಜಿಬಿ, ಎರಡು ಪದರದ್ದಾದರೆ 8.5 ಜಿಬಿವರೆಗೆ ಹಿಡಿಯುತ್ತದೆ. ಸರಾಸರಿ 6 ಎಂದಿಟ್ಟರೆ 150ಕ್ಕೆ 900 ಜಿಬಿ. ಮಿನಿ ಡಿವಿ ಕ್ಯಾಸೆಟ್ಟನ್ನು ಇದ್ದದ್ದು ಇದ್ದಂತೆ ಇಳಿಸಿಕೊಂಡರೆ ತಾಸಿಗೆ 13 ಜಿಬಿ, 20ಕ್ಕೆ 260. ಹಾಡುಗಳ ಚಿಂತೆ ಬೇಡ, 320 ಕೆಬಿಪಿಎಸ್‌ನ ಐದು ನಿಮಿಷದ ಎಂಪಿ3 ಹಾಡಿಗೆ 12 ಎಂಬಿ, ಮೂರು ಸಾವಿರಕ್ಕೆ 36 ಜಿಬಿ ಅಷ್ಟೇ. ಮೊಬೈಲ್‌ಗಳಿಗೆ 500 ಜಿಬಿ ಹಿಡಿಯಿರಿ. ಇಂದೇ 4.7 ಟಿಬಿ ಆಯಿತು. ದಿನವೂ ನೋಡಲೆಂದು ಮಾಡುವ ಚಿಕ್ಕ ಗಾತ್ರದ "ನೋಡುವ ಪ್ರತಿ"ಗಳಿಗೆ (ಇವುಗಳ ವಿವರ ಮುಂದಿದೆ) ಇನ್ನೂ 750 ಜಿಬಿ ಬೇಕು. ಸುಮಾರು 5.5 ಟಿಬಿ.

ಇನ್ನು ಹೊಸ ಕ್ಯಾಮೆರಾ. ಮುಂದಿನ ವರ್ಷಗಳ ಜಾಗವನ್ನು ನಿರ್ಧರಿಸುವುದು ಅದರ ಮೆನುವಿನಲ್ಲಿರುವ ಒಂದು ಆಯ್ಕೆ. ಈ ದರ್ಜೆಯ ಹಲವು ಕ್ಯಾಮೆರಾಗಳು 4ಕೆಯಲ್ಲಿ 60 ಮತ್ತು 100 ಎಂಬಿಪಿಎಸ್ ಎಂಬ ಎರಡು ಆಯ್ಕೆ ಕೊಡುತ್ತವೆ. 100ರಲ್ಲಿ ಏಳು ತಾಸಿನ ಆಟಕ್ಕೆ 315 ಜಿಬಿ, 60ರಲ್ಲಿ 189 ಜಿಬಿ. ಕ್ಯಾಮೆರಾ ಟ್ರೈಪಾಡ್ ಮೇಲೆ ಅಲುಗದೆ ನಿಂತಿದ್ದು, ಹಿಂದಿನ ಪರದೆ ಬದಲಾಗದೆ ಪಾತ್ರಧಾರಿಗಳಷ್ಟೇ ಚಲಿಸುವ ರಂಗಕ್ಕೆ 60 ಸಾಕು. 60ರಲ್ಲಿ ಇಡೀ ರಾತ್ರಿಯ ಆಟ 256 ಜಿಬಿಯ ಒಂದೇ ಕಾರ್ಡಿನಲ್ಲಿ ಕೂರುತ್ತದೆ, 100ರಲ್ಲಿ ಕೂರುವುದಿಲ್ಲ. ನಡುರಾತ್ರಿ, ಪ್ರಸಂಗ ಕಾವೇರಿದ ಹೊತ್ತಿನಲ್ಲಿ ಕಾರ್ಡ್ ಬದಲಿಸುವ ಪಾಡು ಬೇಡ. ಕಾರ್ಡಿನ ಮೇಲೆ ವಿ30 ಗುರುತು ಇರಲಿ. ಅದು ಸೆಕೆಂಡಿಗೆ ಕನಿಷ್ಠ 30 ಎಂಬಿ, ಅಂದರೆ 240 ಎಂಬಿಪಿಎಸ್ ಬರೆಯುವ ಖಾತರಿ.

60ರ ಲೆಕ್ಕದಲ್ಲಿ ವರ್ಷಕ್ಕೆ ಆರು ಆಟಕ್ಕೆ 1.13 ಟಿಬಿ. ಮೊಬೈಲ್ ಮತ್ತು ನೋಡುವ ಪ್ರತಿಗಳು ಸೇರಿ ವರ್ಷಕ್ಕೆ ಸುಮಾರು 1.45 ಟಿಬಿ ಬೆಳೆಯುತ್ತದೆ. ಮೂರು ವರ್ಷಕ್ಕೆ ಒಟ್ಟು 9.9 ಟಿಬಿ ಆಸುಪಾಸು. ಡಿಸ್ಕನ್ನು 85 ಪ್ರತಿಶತಕ್ಕಿಂತ ಹೆಚ್ಚು ತುಂಬಬೇಡಿ. ತುಂಬಿದಂತೆಲ್ಲ ಫೈಲುಗಳು ಚೂರುಚೂರಾಗಿ ಕೂರುತ್ತವೆ, ಡಿಸ್ಕಿನ ಒಳವೃತ್ತದಲ್ಲಿ ವೇಗವೂ ಕಡಿಮೆ. 12 ಟಿಬಿಯ 85 ಪ್ರತಿಶತ 10.2 ಟಿಬಿ, ನಿಮಗೆ ಸರಿಹೊಂದುತ್ತದೆ. 8 ಟಿಬಿ ತಂದರೆ ಮೊದಲ ವರ್ಷ ಮುಗಿಯುವ ಮುನ್ನವೇ ಆ ಗೆರೆ ದಾಟುತ್ತೀರಿ. ಅಂದಹಾಗೆ, 12 ಟಿಬಿ ಡಿಸ್ಕನ್ನು ವಿಂಡೋಸ್ 10.9 ಎಂದು ತೋರಿಸಿದರೆ ಅಂಗಡಿಯವರು ಮೋಸ ಮಾಡಿದರೆಂದು ಭಾವಿಸಬೇಡಿ. ತಯಾರಕರು ಸಾವಿರದ ಲೆಕ್ಕದಲ್ಲಿ, ವಿಂಡೋಸ್ 1,024ರ ಲೆಕ್ಕದಲ್ಲಿ ಎಣಿಸುತ್ತದೆ.

ಡಿಸ್ಕ್ ಕೊಳ್ಳುವಾಗ ಕೇಳಬೇಕಾದ್ದು ಸಿಎಂಆರ್ (ಡೇಟಾ ಬರೆಯುವ ಪಥಗಳು ಬಿಡಿಬಿಡಿಯಾಗಿರುವ ಬಗೆ) ಹೌದೋ ಅಲ್ಲವೋ ಎಂದು. ಎಸ್‌ಎಂಆರ್ ಡಿಸ್ಕುಗಳಲ್ಲಿ ಪಥಗಳು ಒಂದರ ಮೇಲೊಂದು ಹೆಂಚಿನಂತೆ ಒರಗಿರುತ್ತವೆ. ಒಂದನ್ನು ತಿದ್ದಲು ಪಕ್ಕದ್ದನ್ನೂ ಮತ್ತೆ ಬರೆಯಬೇಕಾಗುತ್ತದೆ, ಹಾಗಾಗಿ ತಾಸುಗಟ್ಟಲೆ ಬರೆಯುವಾಗ ವೇಗ ಕುಸಿಯುತ್ತದೆ. ಸೀಗೇಟ್‌ನ ಐರನ್‌ವುಲ್ಫ್, ವೆಸ್ಟರ್ನ್ ಡಿಜಿಟಲ್‌ನ ರೆಡ್ ಪ್ಲಸ್ ಸರಣಿಗಳು ಸಿಎಂಆರ್. ಹಳೆಯ ಕಂಪ್ಯೂಟರಿಗೆ ಹಾಕುವಾಗ ಪಾರ್ಟಿಶನ್ ಜಿಪಿಟಿ ರೂಪದಲ್ಲೇ ಮಾಡಿ. ಎಂಬಿಆರ್ ಮಾಡಿದರೆ 2 ಟಿಬಿಯಾಚೆ ಬಳಸಲಾಗದು. ಫಾರ್ಮ್ಯಾಟ್ ವಿಂಡೋಸ್ ಆದರೆ ಎನ್‌ಟಿಎಫ್‌ಎಸ್, ಲಿನಕ್ಸ್ ಆದರೆ ಇಎಕ್ಸ್‌ಟಿ4. ಎಕ್ಸ್‌ಫ್ಯಾಟ್ ಬೇಡ, ಅದರಲ್ಲಿ ಜರ್ನಲ್ (ಮಾಡಲಿರುವ ಬದಲಾವಣೆಯನ್ನು ಮೊದಲೇ ಗುರುತು ಹಾಕಿಡುವ ದಾಖಲೆ) ಇಲ್ಲದ ಕಾರಣ ಬರೆಯುತ್ತಿರುವಾಗ ಕರೆಂಟ್ ಹೋದರೆ ಫೋಲ್ಡರುಗಳೇ ಕೆಡುವ ಸಂಭವ ಹೆಚ್ಚು. ಡೇಟಾ ತುಂಬುವ ಮೊದಲು ಸ್ಮಾರ್ಟ್ ಲಾಂಗ್ ಟೆಸ್ಟ್ (ಡಿಸ್ಕು ತನ್ನನ್ನೇ ಪೂರ್ತಿ ಪರೀಕ್ಷಿಸಿಕೊಳ್ಳುವ ತಪಾಸಣೆ) ಓಡಿಸಿ. 12 ಟಿಬಿಗೆ 16ರಿಂದ 20 ತಾಸು ಹಿಡಿಯುತ್ತದೆ. ದೋಷವಿದ್ದರೆ ಅಂಗಡಿಯವರು ಬದಲಿಸಿಕೊಡುವ ಅವಧಿಯಲ್ಲೇ ಗೊತ್ತಾಗಲಿ.

ವಿಡಿಯೊಗಳಿಗೆ ಎಸ್‌ಎಸ್‌ಡಿ ಬೇಕಿಲ್ಲ. ಮೂರು ಟಿವಿಗಳಲ್ಲಿ ಒಟ್ಟಿಗೆ 60, 24 ಮತ್ತು 8 ಎಂಬಿಪಿಎಸ್‌ನ ವಿಡಿಯೊ ಓಡಿದರೂ ಒಟ್ಟು 92 ಎಂಬಿಪಿಎಸ್, ಸೆಕೆಂಡಿಗೆ 11.5 ಎಂಬಿ. ಈಗಿನ ದೊಡ್ಡ ಹಾರ್ಡ್ ಡಿಸ್ಕ್ ಸೆಕೆಂಡಿಗೆ 150ರಿಂದ 250 ಎಂಬಿ ಓದುತ್ತದೆ. ಆಪರೇಟಿಂಗ್ ಸಿಸ್ಟಂ ಮತ್ತು ಜೆಲ್ಲಿಫಿನ್‌ನ ಡೇಟಾಬೇಸ್, ಪೋಸ್ಟರ್‌ಗಳಿಗೆ ಮಾತ್ರ 256 ಜಿಬಿಯ ಚಿಕ್ಕ ಎಸ್‌ಎಸ್‌ಡಿ ಹಾಕಿ, ಪಟ್ಟಿ ತೆರೆಯುವುದು ಚುರುಕಾಗುತ್ತದೆ.

ಈಗ ಮಹಡಿಯ ಟಿವಿಗೆ ಬರೋಣ. ತಡೆ ಎಲ್ಲಿದೆ ಎಂದು ಊಹಿಸುವ ಬದಲು ನೋಡಿ. ಆಟ ಓಡುತ್ತಿರುವಾಗ ಜೆಲ್ಲಿಫಿನ್‌ನ ಡ್ಯಾಶ್‌ಬೋರ್ಡ್ ತೆರೆದರೆ ಆ ಟಿವಿಯ ಎದುರು ಡೈರೆಕ್ಟ್ ಪ್ಲೇ (ಫೈಲನ್ನು ಇದ್ದಂತೆ ಕಳಿಸುವುದು) ಅಥವಾ ಟ್ರಾನ್ಸ್‌ಕೋಡ್ (ಕಳಿಸುವಾಗಲೇ ಪರಿವರ್ತಿಸುವುದು) ಎಂದಿರುತ್ತದೆ. ಟ್ರಾನ್ಸ್‌ಕೋಡ್ ಎಂದಿದ್ದು ಪ್ರೊಸೆಸರ್ 90 ಪ್ರತಿಶತ ದಾಟಿದ್ದರೆ ಸರ್ವರ್ ಏದುಸಿರು ಬಿಡುತ್ತಿದೆ ಎಂದರ್ಥ. ಡೈರೆಕ್ಟ್ ಪ್ಲೇ ಎಂದಿದ್ದೂ ವಿಡಿಯೊ ನಿಲ್ಲುತ್ತಿದ್ದರೆ ತಪ್ಪು ನೆಟ್‌ವರ್ಕಿನದು. ಅದೇ ಫೈಲು ಕೆಳಗೆ ಸರಾಗವಾಗಿ ಓಡುವುದರಿಂದ ನಿಮ್ಮದು ಎರಡನೆಯದೇ ಇರಬೇಕು.

ಕಾರಣ ಹೀಗೆ. ರೌಟರ್ ಕೆಳಗಿದೆ, ನಡುವೆ ಕಬ್ಬಿಣದ ಸರಳು ತುಂಬಿದ ಆರ್‌ಸಿಸಿ ಸ್ಲ್ಯಾಬ್ ಇದೆ. 5 ಗಿಗಾಹರ್ಟ್ಸ್ ವೈಫೈ ಅದನ್ನು ದಾಟುವಾಗ ಸೊರಗುತ್ತದೆ, ಟಿವಿ ಆಗ 2.4 ಗಿಗಾಹರ್ಟ್ಸ್‌ಗೆ ಇಳಿಯುತ್ತದೆ. ಅಲ್ಲಿ ಟಿವಿ 72 ಎಂಬಿಪಿಎಸ್ ಎಂದು ತೋರಿಸಿದರೂ ಕೈಗೆ ಸಿಗುವುದು ಮೂವತ್ತು ನಲವತ್ತು, ಅಕ್ಕಪಕ್ಕದ ಮನೆಯವರ ವೈಫೈ ಅದೇ ಚಾನೆಲ್ಲಿನಲ್ಲಿದ್ದರೆ ಇಪ್ಪತ್ತಕ್ಕೂ ಕಡಿಮೆ. 24 ಎಂಬಿಪಿಎಸ್‌ನ ವಿಡಿಯೊ ಅಲ್ಲಿ ತಡವರಿಸದೆ ಇನ್ನೇನು ಮಾಡೀತು? ಹೊಸ 4ಕೆ ವಿಡಿಯೊ ಅಲ್ಲಿ ಓಡುವುದೇ ಇಲ್ಲ. ಮನೆಯೊಳಗೆ ಕನಿಷ್ಠ ವೇಗ ವಿಡಿಯೊದ ಸರಾಸರಿ ಬಿಟ್‌ರೇಟಿನ ಒಂದೂವರೆ ಪಟ್ಟು ಇರಬೇಕು, ಏಕೆಂದರೆ ಕುಣಿತದ ದೃಶ್ಯದಲ್ಲಿ ಬಿಟ್‌ರೇಟ್ ಸರಾಸರಿಗಿಂತ ಮೇಲೇರುತ್ತದೆ.

ಇದಕ್ಕೆ ಕೇಬಲ್ಲೇ ಮದ್ದು. ರಿಪೀಟರ್ ಹಾಕಲು ಯಾರಾದರೂ ಹೇಳಿದರೆ ಒಪ್ಪಬೇಡಿ. ತಂದ ಸಿಗ್ನಲ್ಲನ್ನೇ ಮತ್ತೆ ಗಾಳಿಗೆ ಬಿಡುವಾಗ ವೇಗ ಸುಮಾರು ಅರ್ಧಕ್ಕಿಳಿಯುತ್ತದೆ. ಕೆಳಗಿನಿಂದ ಮೇಲಕ್ಕೆ 20-25 ಮೀಟರ್ ಕ್ಯಾಟ್6 ಸಾಕು, ಗಿಗಾಬಿಟ್‌ಗೆ 100 ಮೀಟರ್‌ವರೆಗೂ ಅವಕಾಶವಿದೆ. ಆದರೆ ಶುದ್ಧ ತಾಮ್ರದ್ದೇ ಬೇಕು. ಅಗ್ಗದ ಕೇಬಲ್ಲುಗಳು ಅಲ್ಯೂಮಿನಿಯಂ ತಂತಿಗೆ ತಾಮ್ರದ ಲೇಪ ಹಚ್ಚಿದವು, ಪೆಟ್ಟಿಗೆಯ ಮೇಲೆ ಸಿಸಿಎ ಎಂದಿರುತ್ತದೆ. ಬ್ಲೇಡಿನಿಂದ ತಂತಿ ಕೆರೆದು ನೋಡಿ. ಒಳಗೆ ಬೆಳ್ಳಗೆ ಹೊಳೆದರೆ ವಾಪಸ್ ಕೊಡಿ. ಕರೆಂಟಿನ ವೈರಿರುವ ಪೈಪಿನಲ್ಲೇ ಇದನ್ನು ತೂರಿಸಬೇಡಿ, ಬೇರೆ ಪೈಪ್ ಎಳೆಸಿ. ಹೊರಗೋಡೆಯ ಮೇಲೆ ಹಾಯಿಸುವುದಾದರೆ ಬಿಸಿಲು ತಾಳುವ ಹೊರಾಂಗಣ ಕೇಬಲ್ ತನ್ನಿ, ಒಳಮನೆಯ ಕೇಬಲ್ಲಿನ ಸಿಪ್ಪೆ ನಮ್ಮ ಬಿಸಿಲಿಗೆ ಸೀಳುತ್ತದೆ.

ಎರಡು ತುದಿಗೂ ಕನೆಕ್ಟರ್ ಹಾಕುವಾಗ ಬಣ್ಣಗಳ ಕ್ರಮ ಒಂದೇ ಇರಲಿ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಜೋಡಿ ತಂತಿಗಳ ಹೊಸೆತವನ್ನು ಅರ್ಧ ಇಂಚಿಗಿಂತ ಹೆಚ್ಚು ಬಿಚ್ಚಬೇಡಿ. 100 ಎಂಬಿಪಿಎಸ್ ಓಡಲು ನಾಲ್ಕು ತಂತಿ ಸಾಕು, ಗಿಗಾಬಿಟ್‌ಗೆ ಎಂಟೂ ಬೇಕು. ಕಂದು ಜೋಡಿಯ ಒಂದೇ ತಂತಿ ಸರಿಯಾಗಿ ಕಚ್ಚದಿದ್ದರೂ ಸಂಪರ್ಕ ಸದ್ದಿಲ್ಲದೆ 100ಕ್ಕೆ ಇಳಿಯುತ್ತದೆ. ದೀಪ ಮಿನುಗುತ್ತದೆ, ಇಂಟರ್‌ನೆಟ್ ಬರುತ್ತದೆ, ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ. ವಿಂಡೋಸ್‌ನ ಈಥರ್ನೆಟ್ ವಿವರದಲ್ಲಿ ಲಿಂಕ್ ವೇಗ 1000/1000 ಎಂದಿದೆಯೇ ನೋಡಿ. ಆಮೇಲೆ ಸರ್ವರಿನಲ್ಲೂ ಒಂದು ಲ್ಯಾಪ್‌ಟಾಪಿನಲ್ಲೂ ಐಪರ್ಫ್3 ಎಂಬ ವೇಗ ಅಳೆಯುವ ತಂತ್ರಾಂಶ ಓಡಿಸಿ. ಕೇಬಲ್ ಸರಿಯಿದ್ದರೆ 940 ಎಂಬಿಪಿಎಸ್ ಹತ್ತಿರ ಬರಬೇಕು. 94 ಬಂದರೆ ಎಲ್ಲೋ ಒಂದು ಕಡೆ 100ರ ಕೊಂಡಿ ಕೂತಿದೆ.

ಆ ಕೊಂಡಿ ಹಲವು ಬಾರಿ ಫೈಬರ್ ಕಂಪನಿ ಕೊಟ್ಟ ಪೆಟ್ಟಿಗೆಯೇ ಆಗಿರುತ್ತದೆ. ಅಂಥ ಹಲವು ಪೆಟ್ಟಿಗೆಗಳಲ್ಲಿ ಒಂದೇ ಪೋರ್ಟ್ ಗಿಗಾಬಿಟ್, ಉಳಿದವು 100. ಅದಕ್ಕಾಗಿ ಐದು ಪೋರ್ಟಿನ ಗಿಗಾಬಿಟ್ ಸ್ವಿಚ್ ಒಂದನ್ನು ತಂದು, ರೌಟರ್, ಸರ್ವರ್, ಟಿವಿಗಳು ಎಲ್ಲವನ್ನೂ ಅದಕ್ಕೇ ಚುಚ್ಚಿ. ಟಿವಿಯ ಕೇಬಲ್ ಪೋರ್ಟ್ ಮಾತ್ರ ಹೆಚ್ಚಿನ ಮಾದರಿಗಳಲ್ಲಿ 100 ಎಂಬಿಪಿಎಸ್‌ನದೇ. ನಿಮ್ಮ 60 ಎಂಬಿಪಿಎಸ್ ವಿಡಿಯೊಗೆ ಅದು ಸಾಕು. 100 ಎಂಬಿಪಿಎಸ್‌ನಲ್ಲಿ ಹಿಡಿದ ಮೂಲ ವಿಡಿಯೊ ಅಲ್ಲಿ ಮುಗ್ಗರಿಸುತ್ತದೆ, 60 ಆರಿಸಲು ಇದೂ ಒಂದು ಕಾರಣ.

ಗಿಗಾಬಿಟ್‌ನ ನಿಜವಾದ ಲಾಭ ಕಾಣುವುದು ನಕಲು ಮಾಡುವಾಗ. 189 ಜಿಬಿಯ ಒಂದು ಆಟವನ್ನು 100ರ ಕೊಂಡಿಯಲ್ಲಿ ಸರ್ವರಿಗೆ ಕಳಿಸಲು ಹತ್ತಿರ ಹತ್ತಿರ ಐದು ತಾಸು, ಗಿಗಾಬಿಟ್‌ನಲ್ಲಿ ಅರ್ಧ ತಾಸು. ಡಿಸ್ಕನ್ನು ಹೊರಗಿಂದ ಜೋಡಿಸುವುದಾದರೆ ಯುಎಸ್‌ಬಿ 3ರ ನೀಲಿ ಪೋರ್ಟಿಗೇ ಹಾಕಿ. ಯುಎಸ್‌ಬಿ 2ರಲ್ಲಿ ಸೆಕೆಂಡಿಗೆ 30ರಿಂದ 40 ಎಂಬಿ ದಾಟುವುದಿಲ್ಲ.

ನೋಡುವ ಪ್ರತಿ ಎಂದೆನಲ್ಲ, ಅದು ಹೀಗೆ. ಹ್ಯಾಂಡಿಕ್ಯಾಮ್ ವಿಡಿಯೊ ಬಹುಪಾಲು 1080ಐ, ಅಂದರೆ ಸಾಲು ಬಿಟ್ಟು ಸಾಲು ಚಿತ್ರ ಹಿಡಿಯುವ ಇಂಟರ್‌ಲೇಸ್ ರೂಪದ್ದು. ಬ್ರೌಸರಿನಲ್ಲೋ ಮೊಬೈಲಿನಲ್ಲೋ ತೆರೆದರೆ ಅಂಚುಗಳಲ್ಲಿ ಬಾಚಣಿಗೆಯಂಥ ಗೆರೆ ಬರುತ್ತದೆ, ಇಲ್ಲವೇ ಸರ್ವರ್ ಪ್ರತಿ ಸಲವೂ ಕೂತು ಅದನ್ನು ಪರಿವರ್ತಿಸಬೇಕಾಗುತ್ತದೆ. ನಿಮ್ಮ ನಾಲ್ಕನೇ ತಲೆಮಾರಿನ ಐ5ನ ಕ್ವಿಕ್‌ಸಿಂಕ್ (ಪ್ರೊಸೆಸರಿನೊಳಗಿನ ವಿಡಿಯೊ ಪರಿವರ್ತಕ) ಎಚ್.264 ಎಂಬ ವಿಡಿಯೊ ರೂಪ ಬಲ್ಲದು, ಅದಕ್ಕಿಂತ ಹೊಸದಾದ ಎಚ್‌ಇವಿಸಿ ತಿಳಿಯದು. 10 ಬಿಟ್ ಎಚ್‌ಇವಿಸಿ ಇಂಟೆಲ್‌ನಲ್ಲಿ ಏಳನೇ ತಲೆಮಾರಿನಿಂದ ಬಂತು. ಹಾಗಾಗಿ ಮೊದಲೇ ಒಮ್ಮೆ ಪರಿವರ್ತಿಸಿಡುವುದು ಜಾಣತನ. ಹ್ಯಾಂಡ್‌ಬ್ರೇಕ್ ಎಂಬ ಪರಿವರ್ತನೆಯ ತಂತ್ರಾಂಶದಲ್ಲಿ ಎಚ್.264, 1080ಪಿ, 6 ಎಂಬಿಪಿಎಸ್ ಕೊಡಿ. ಡಿಇಂಟರ್‌ಲೇಸ್‌ನಲ್ಲಿ ಬಾಬ್ ಆರಿಸಿದರೆ ಸೆಕೆಂಡಿಗೆ 50 ಚಿತ್ರ ಉಳಿಯುತ್ತವೆ. 25 ಮಾಡಿದರೆ ಗಿರಕಿ ಮತ್ತು ಹೆಜ್ಜೆಗಾರಿಕೆ ಕುಲುಕಿದಂತೆ ಕಾಣುತ್ತದೆ. ತಾಸಿಗೆ 2.7 ಜಿಬಿ, ಇಡೀ ಆಟಕ್ಕೆ 19 ಜಿಬಿ. ಸರದಿಗೆ ಹಾಕಿ ರಾತ್ರಿಯೆಲ್ಲ ಓಡಲು ಬಿಡಿ. ಒಂದು ಎಚ್ಚರಿಕೆ: ಹ್ಯಾಂಡಿಕ್ಯಾಮ್ ಒಂದೇ ಆಟವನ್ನು ಹಲವು ಎಂಟಿಎಸ್ ತುಂಡುಗಳಾಗಿ ಬರೆದಿರುತ್ತದೆ. ಕ್ಯಾಮೆರಾ ಕಂಪನಿಯ ತಂತ್ರಾಂಶದಿಂದ ಅಥವಾ ಎಫ್‌ಎಫ್‌ಎಂಪೆಗ್‌ನಿಂದ ಅವನ್ನು ಗುಣಮಟ್ಟ ಕೆಡದಂತೆ ಜೋಡಿಸಿ ಆಮೇಲೆ ಪರಿವರ್ತಿಸಿ, ಇಲ್ಲದಿದ್ದರೆ ತುಂಡು ಮುಗಿಯುವ ಜಾಗದಲ್ಲಿ ಹಾಡು ಕಡಿಯುತ್ತದೆ. ಪರಿವರ್ತಿಸಿದ ಮೇಲೆ ಮೂಲವನ್ನು ಅಳಿಸುವ ಯೋಚನೆ ಬೇಡವೇ ಬೇಡ. 6 ಎಂಬಿಪಿಎಸ್‌ನಿಂದ ಹಿಂದಿರುಗುವ ದಾರಿಯಿಲ್ಲ.

ತಮ್ಮನಿಗೆ ತಲುಪಿಸುವಾಗ ಮಾತ್ರ ಇಂಟರ್‌ನೆಟ್ ಲೆಕ್ಕಕ್ಕೆ ಬರುತ್ತದೆ, ಅದೂ ನಿಮ್ಮ ಅಪ್‌ಲೋಡ್ ವೇಗ. ನೋಡುವ ಪ್ರತಿಗೆ 10 ಎಂಬಿಪಿಎಸ್ ಅಪ್‌ಲೋಡ್ ಇದ್ದರೆ ಆಯಿತು, 100ರ ಫೈಬರಿನಲ್ಲಿ ಅದು ಧಾರಾಳ. ತೊಡಕು ಬೇರೆಡೆ ಇದೆ. ಹೆಚ್ಚಿನ ಕಂಪನಿಗಳು ಮನೆಗಳಿಗೆ ಸ್ವಂತ ಐಪಿ ವಿಳಾಸ ಕೊಡದೆ ಹಲವರಿಗೆ ಒಂದನ್ನೇ ಹಂಚುತ್ತವೆ, ಹಾಗಾಗಿ ಪೋರ್ಟ್ ಫಾರ್ವರ್ಡಿಂಗ್ (ಹೊರಗಿನಿಂದ ಬಂದ ಸಂಪರ್ಕವನ್ನು ರೌಟರ್ ಸರ್ವರಿಗೆ ದಾಟಿಸುವುದು) ಕೆಲಸ ಮಾಡುವುದಿಲ್ಲ. ಸರ್ವರಿನಲ್ಲೂ ತಮ್ಮನ ಮೊಬೈಲ್ ಅಥವಾ ಆಂಡ್ರಾಯ್ಡ್ ಟಿವಿಯಲ್ಲೂ ಟೇಲ್‌ಸ್ಕೇಲ್ (ದೂರದ ಸಾಧನಗಳನ್ನು ಒಂದೇ ಖಾಸಗಿ ಜಾಲಕ್ಕೆ ಸೇರಿಸುವ ತಂತ್ರಾಂಶ) ಹಾಕಿ ಒಂದೇ ಖಾತೆಗೆ ಜೋಡಿಸಿ. ಯಾವ ಪೋರ್ಟನ್ನೂ ಹೊರಗೆ ತೆರೆಯಬೇಕಿಲ್ಲ, ಅಪರಿಚಿತರು ಬಂದು ಕದ ತಟ್ಟುವ ಭಯವೂ ಇಲ್ಲ.

ಬಿಸಿಲು ಮತ್ತು ಕರೆಂಟಿನ ವಿಷಯಕ್ಕೆ ಬಂದರೆ, ರಾಯಚೂರು, ಬಳ್ಳಾರಿ, ಕೊಪ್ಪಳದ ಏಪ್ರಿಲ್-ಮೇ ಸೆಕೆ 40 ಡಿಗ್ರಿ ದಾಟುತ್ತದೆ. ಡಿಸ್ಕು ಕೋಣೆಗಿಂತ ಹತ್ತು ಹನ್ನೆರಡು ಡಿಗ್ರಿ ಹೆಚ್ಚು ಬಿಸಿ ಇರುವುದು ಸಾಮಾನ್ಯ, ಅದನ್ನು 50ರ ಕೆಳಗಿಡಬೇಕು. ಸರ್ವರ್ ಕೆಳಮನೆಯಲ್ಲೇ ಇರಲಿ. ಮಹಡಿಯ ಕೋಣೆಯ ಸಜ್ಜೆ, ಬಾಗಿಲು ಮುಚ್ಚಿದ ಟಿವಿ ಕಪಾಟು ಎರಡೂ ಬೇಡ. ಡಿಸ್ಕಿನ ಎದುರಿಗೇ ಗಾಳಿ ಬೀಸುವಂತೆ ಕ್ಯಾಬಿನೆಟ್ಟಿನಲ್ಲಿ 120 ಮಿ.ಮೀ. ಫ್ಯಾನ್ ಹಾಕಿಸಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೊದಲ್ಲಿ ಉಷ್ಣತೆಯ ಜೊತೆ 05 ಮತ್ತು ಸಿ5 ಎಂಬ ಸಾಲುಗಳನ್ನು (ಡಿಸ್ಕಿನಲ್ಲಿ ಕೆಟ್ಟ ಮತ್ತು ಕೆಟ್ಟಿರಬಹುದಾದ ಜಾಗಗಳ ಎಣಿಕೆ) ನೋಡುತ್ತಿರಿ. ಅಲ್ಲಿ ಸೊನ್ನೆಯಿಂದ ಮೇಲೇರುತ್ತಾ ಹೋಗುವ ಸಂಖ್ಯೆ ಕಂಡರೆ ಡಿಸ್ಕ್ ಬದಲಿಸುವ ಹೊತ್ತು ಬಂದಿದೆ. ಗಂಗಾವತಿಯಲ್ಲಿ ಅಕ್ಕಿ ಗಿರಣಿಗಳ ಹೊಟ್ಟಿನ ದೂಳು, ಸಂಡೂರು-ಹೊಸಪೇಟೆ ಕಡೆ ಅದಿರಿನ ಕೆಂಪು ದೂಳು ಹೀಟ್‌ಸಿಂಕಿನ ಸಂದುಗಳನ್ನು ತುಂಬುತ್ತದೆ. ಮೂರು ತಿಂಗಳಿಗೊಮ್ಮೆ ಬ್ಲೋವರ್ ಹಿಡಿಯಿರಿ, ಊದುವಾಗ ಫ್ಯಾನಿನ ರೆಕ್ಕೆ ತಿರುಗದಂತೆ ಬೆರಳಿನಿಂದ ಹಿಡಿದಿರಿ.

ಮನೆಯ ಇನ್ವರ್ಟರಿನಲ್ಲಿ ಯುಪಿಎಸ್ ಮೋಡ್ ಎಂಬ ಸ್ವಿಚ್ ಇದ್ದರೆ ಅದನ್ನು ಹಾಕಿಟ್ಟಿರಿ. ಸಾಮಾನ್ಯ ಮೋಡಿನಲ್ಲಿ ಕರೆಂಟ್ ಹೋಗಿ ಬ್ಯಾಟರಿಗೆ ಬದಲಾಗುವಷ್ಟರಲ್ಲಿ ಕಂಪ್ಯೂಟರ್ ರೀಸ್ಟಾರ್ಟ್ ಆಗಬಹುದು. ಆದರೂ ಸರ್ವರಿಗೆ ಪ್ರತ್ಯೇಕ 600 ವಿಎ ಯುಪಿಎಸ್ ಇರಲಿ, ಯುಎಸ್‌ಬಿ ತಂತಿ ಇರುವಂಥದ್ದು. ಆ ತಂತಿಯಿಂದ ಕಂಪ್ಯೂಟರಿಗೆ ಬ್ಯಾಟರಿಯ ಸ್ಥಿತಿ ತಿಳಿದು, ಚಾರ್ಜ್ ಮುಗಿಯುವ ಮೊದಲು ತಾನಾಗಿಯೇ ಶಟ್‌ಡೌನ್ ಆಗುತ್ತದೆ. ರೌಟರ್ ಮತ್ತು ಸ್ವಿಚ್ ಇನ್ವರ್ಟರಿನ ಮೇಲಿದ್ದರೆ ಸಾಕು.

ರೇಡ್ ಬೇಡ. ಎರಡು ಡಿಸ್ಕಿನ ಮಿರರ್ ಮಾಡಿದರೆ ಒಂದು ಕೆಟ್ಟಾಗ ಇನ್ನೊಂದು ಓಡುತ್ತಿರುತ್ತದೆ, ಅಷ್ಟೇ ಅದರ ಉಪಯೋಗ. ತಪ್ಪಿ ಅಳಿಸಿದ ಫೋಲ್ಡರ್ ಎರಡರಲ್ಲೂ ಆ ಕ್ಷಣವೇ ಅಳಿಯುತ್ತದೆ, ವೋಲ್ಟೇಜ್ ಏರಿದರೆ ಎರಡೂ ಒಟ್ಟಿಗೆ ಸುಡಬಹುದು. ಮನೆಯ ಸರ್ವರ್ ಅರ್ಧ ದಿನ ನಿಂತರೆ ನಷ್ಟವೇನಿಲ್ಲ. ಅಪ್ಪಾಜಿ ಹಿಡಿದ ಆಟಗಳು ಹೋದರೆ ಮತ್ತೆ ಸಿಗುವುದಿಲ್ಲ, ಆ ಕಲಾವಿದರಲ್ಲಿ ಎಷ್ಟೋ ಮಂದಿ ಇಂದು ಇರಲಿಕ್ಕಿಲ್ಲ. ಆದ್ದರಿಂದ ಎರಡನೇ 12 ಟಿಬಿ ಡಿಸ್ಕನ್ನು ಬ್ಯಾಕಪ್ಪಿಗೇ ಮೀಸಲಿಡಿ. ತಿಂಗಳಿಗೊಮ್ಮೆ, ಹೊಸ ಆಟ ಬಂದಾಗಲೆಲ್ಲ ಜೋಡಿಸಿ, ಫ್ರೀಫೈಲ್‌ಸಿಂಕ್‌ನಿಂದ ನಕಲು ಮಾಡಿ, ಬಿಚ್ಚಿ ಕಪಾಟಿನಲ್ಲಿಡಿ. ಆ ತಂತ್ರಾಂಶದಲ್ಲಿ ಅಳಿಸಿದ ಫೈಲುಗಳನ್ನು ಬೇರೆ ಫೋಲ್ಡರಿಗೆ ಸರಿಸುವ ಆಯ್ಕೆ ಇದೆ, ಅದನ್ನೇ ಬಳಸಿ. ಬರಿಯ ಮಿರರ್ ಇಟ್ಟರೆ ಸರ್ವರಿನಲ್ಲಿ ತಪ್ಪಿ ಅಳಿಸಿದ್ದು ಬ್ಯಾಕಪ್ಪಿನಿಂದಲೂ ಹೋಗುತ್ತದೆ. ಮೊದಲ ನಕಲಿಗೆ ಗಿಗಾಬಿಟ್ ವೇಗದಲ್ಲಿ ಹದಿಮೂರು ತಾಸಾದರೂ ಹಿಡಿದೀತು.

ಬಯಲಾಟದ ಮೂಲಗಳು ಮತ್ತು ಕ್ಯಾಸೆಟ್ಟುಗಳ ನಕಲನ್ನು ಮಾತ್ರ 8 ಟಿಬಿಯ ಮೂರನೇ ಡಿಸ್ಕಿಗೆ ತುಂಬಿ ತಮ್ಮನ ಮನೆಯಲ್ಲಿಡಿ. ಹಬ್ಬಕ್ಕೆ ಬಂದಾಗ ತಂದರೆ ಹೊಸದನ್ನು ಸೇರಿಸಿ ಕಳಿಸಬಹುದು. ಕೇಬಲ್ ಎಳೆಸುವುದಕ್ಕೂ ಮೊದಲು ಮಾಡಬೇಕಾದ ಕೆಲಸ ಮಿನಿ ಡಿವಿ ಕ್ಯಾಸೆಟ್ ಇಳಿಸುವುದು. ಟೇಪು ವರ್ಷ ಕಳೆದಂತೆ ಸವೆಯುತ್ತದೆ, ಅದನ್ನು ಓಡಿಸುವ ಕ್ಯಾಮೆರಾ ಸಿಗುವುದೂ ಕಷ್ಟವಾಗುತ್ತಿದೆ. ಫೈರ್‌ವೈರ್ ಪೋರ್ಟಿರುವ ಕಂಪ್ಯೂಟರಿನಲ್ಲೇ ಇಳಿಸಿ, ಟಿವಿಗೆ ಹೋಗುವ ಹಳದಿ ತಂತಿಯಿಂದ ರೆಕಾರ್ಡ್ ಮಾಡಿದರೆ ಗುಣಮಟ್ಟ ಕುಗ್ಗುತ್ತದೆ. ಹೊಸ ಕ್ಯಾಮೆರಾದ ಕಾರ್ಡನ್ನೂ ಆಟ ಸರ್ವರಿಗೆ ಮತ್ತು ಬ್ಯಾಕಪ್ ಡಿಸ್ಕಿಗೆ ಎರಡಕ್ಕೂ ಸೇರಿ, ಎರಡರಿಂದಲೂ ಮೊದಲ ಹಾಗೂ ಕೊನೆಯ ಫೈಲು ತೆರೆದು ನೋಡಿದ ಮೇಲಷ್ಟೇ ಫಾರ್ಮ್ಯಾಟ್ ಮಾಡಿ.